ಕ್ರಾಸ್‌ಕಂಟ್ರಿ ರೇಸಿಗೆ ಯಾವ ಟೈರ್ ಹಾಕಲಿ? ಕೇಳಿದಷ್ಟೂ ಗೊಂದಲ

ಹೊಸಹಾದಿ
ನಮಸ್ಕಾರ. ಇನ್ನು ಐದು ವಾರಕ್ಕೆ ನನ್ನ ಮೊದಲ ಕ್ರಾಸ್‌ಕಂಟ್ರಿ ರೇಸ್, ಅಂದರೆ ಕಲ್ಲುಮಣ್ಣಿನ ಹಾದಿಯಲ್ಲಿ ಸೈಕಲ್ ರೇಸ್. 5 ಕಿ.ಮೀ. ಸುತ್ತು, ಐದು ಸಲ. ಪ್ರತಿ ಸುತ್ತಿನಲ್ಲಿ ಏಳು ನಿಮಿಷದ ಒಂದು ಏರು, ಅದರ ನೆತ್ತಿಯಿಂದ ಬೇರು ಬಂಡೆಗಳ ಇಳಿಜಾರು, ಉಳಿದದ್ದೆಲ್ಲ ಗಟ್ಟಿ ನೆಲದ ಮೇಲೆ ಉದುರು ಜಲ್ಲಿ ಹರಡಿದ ತಿರುವುಗಳು. ನನ್ನ ತೂಕ 72 ಕೆ.ಜಿ., ಸೈಕಲ್ ಹತ್ತೂವರೆ. ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲ. 29 ಇಂಚಿನ ಗಾಲಿ, ರಿಮ್ಮಿನ ಒಳ ಅಗಲ 25 ಮಿ.ಮೀ. ಸೈಕಲ್ ಜೊತೆಗೇ ಬಂದ 2.25 ಇಂಚಿನ ಟೈರ್‌ಗಳು, ಒಳಗೆ ಟ್ಯೂಬ್.

ಕಳೆದ ವಾರ ಜಲ್ಲಿ ತಿರುವಿನಲ್ಲಿ ಮುಂದಿನ ಗಾಲಿ ಜಾರಿ ಮೊಣಕೈ ತರಚಿಕೊಂಡೆ. ಟೈರ್ ಬದಲಿಸುವುದಂತೂ ಖಚಿತ. ಆದರೆ ಒಬ್ಬರು ಹಗುರದ್ದು ಹಾಕು ಎನ್ನುತ್ತಾರೆ, ಇನ್ನೊಬ್ಬರು ಅಗಲದ್ದು, ಮತ್ತೊಬ್ಬರು ದೊಡ್ಡ ಹಲ್ಲಿನದ್ದು, ಅಂದರೆ ಮೇಲಿನ ರಬ್ಬರ್ ಉಬ್ಬುಗಳು ದೊಡ್ಡದಿರುವುದು. ಮೂವರೂ ನನಗಿಂತ ವೇಗವಾಗಿ ಓಡಿಸುತ್ತಾರೆ. ಯಾರ ಮಾತು ಕೇಳಲಿ?

ಹಗುರಬಂಡಿ
ಹಗುರ ಎಂದವರ ಮಾತು. ಗಾಲಿಯ ಅಂಚಿನ ಒಂದು ಗ್ರಾಂ ಚೌಕಟ್ಟಿನ ಎರಡು ಗ್ರಾಮಿಗೆ ಸಮ. ಸೈಕಲ್ ಜೊತೆ ಬರುವ ಟೈರ್‌ಗಳು ಸಾಮಾನ್ಯವಾಗಿ ತಂತಿ ಅಂಚಿನವು, ಭಾರ. 600 ಗ್ರಾಮಿನ ಆಸುಪಾಸಿನ ಮಡಚುವ ಟೈರ್ ಹಾಕಿ, ಏರಿನಲ್ಲಿ ಸೈಕಲ್ ಬೇರೆಯದೇ ಅನ್ನಿಸುತ್ತದೆ.

ಕಲ್ಲುಮುಳ್ಳು
ಬೇರು ಬಂಡೆಗಳ ಇಳಿಜಾರು ಇದೆ ಎಂದು ಅವರು ಬರೆದದ್ದನ್ನು ಓದಲಿಲ್ಲವೇ? 600 ಗ್ರಾಮಿನ ಟೈರಿನ ಪಕ್ಕೆ ಕಾಗದದಂತಿರುತ್ತದೆ. ನನ್ನದು ಒಂದು ಚೂಪು ಕಲ್ಲಿಗೆ ಎರಡು ಬೆರಳಗಲ ಸೀಳಿತ್ತು. ಎರಡನೆಯ ಸುತ್ತಿನಲ್ಲೇ ರೇಸ್ ಮುಗಿಯಿತು, ಸೈಕಲ್ ಹೊತ್ತು ನಡೆದೆ. ಹೊರುವಾಗ ಹಗುರವಾಗಿತ್ತು, ಅದೊಂದೇ ಲಾಭ.

ಗಾಳಿಮಾಪಕ
ಹೊಸಹಾದಿ ಅವರೇ, ಎಲ್ಲಕ್ಕೂ ಮೊದಲು ಒಂದು ಪ್ರಶ್ನೆ. ಬಿದ್ದ ದಿನ ಮುಂದಿನ ಗಾಲಿಯಲ್ಲಿ ಗಾಳಿ ಎಷ್ಟಿತ್ತು?

ಹೊಸಹಾದಿ
ಹೆಬ್ಬೆರಳಿನಿಂದ ಒತ್ತಿ ನೋಡಿದ್ದೆ, ಗಟ್ಟಿಯಾಗಿತ್ತು. ಪಂಪಿನಲ್ಲಿ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕುವುದು ರೂಢಿ.

ಗಾಳಿಮಾಪಕ
ಕಾರಣ ಅಲ್ಲೇ ಇದೆ. 72 ಕೆ.ಜಿ. ಸವಾರನಿಗೆ 35 ಪಿಎಸ್‌ಐ ಎಂದರೆ ಟೈರ್ ನೆಲದ ಮೇಲೆ ಗೋಲಿಯಂತೆ ಉರುಳುತ್ತದೆ. ಜಲ್ಲಿಕಲ್ಲನ್ನು ಅದು ತನ್ನೊಳಗೆ ಅದುಮಿಕೊಳ್ಳಬೇಕು. ಅದುಮಿಕೊಳ್ಳದಿದ್ದರೆ ಕಲ್ಲಿನ ಮೇಲೆ ಹತ್ತಿ ಜಾರುತ್ತದೆ. ಟ್ಯೂಬ್ ತೆಗೆದು ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ ಟ್ಯೂಬ್‌ಲೆಸ್ ಮಾಡಿಸಿ. ಮುಂದೆ 19, ಹಿಂದೆ 22 ಪಿಎಸ್‌ಐನಿಂದ ಆರಂಭಿಸಿ, ಒಂದೊಂದೇ ಏರಿಸುತ್ತ ಇಳಿಸುತ್ತ ನೋಡಿ. ಟ್ಯೂಬ್ ಇಟ್ಟುಕೊಂಡು ಅಷ್ಟು ಇಳಿಸಲು ಹೋಗಬೇಡಿ. ಕಲ್ಲಿಗೆ ಬಡಿದಾಗ ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಕೆಸರುಪ್ರಿಯ
ಟೈರಿನ ಹೆಸರೇ ಬರದೆ ಐದು ಉತ್ತರ ಮುಗಿದವು. ಹಾಗಿದ್ದರೆ ನಾನೇ ಶುರು ಮಾಡುತ್ತೇನೆ. ಮುಂದೆ ಶ್ವಾಲ್ಬೆ ರೇಸಿಂಗ್ ರೇ, ಹಿಂದೆ ರೇಸಿಂಗ್ ರಾಲ್ಫ್. ತಯಾರಿಸಿದವರೇ ರೇ ಮುಂದಿನ ಗಾಲಿಗೆ, ರಾಲ್ಫ್ ಹಿಂದಿನ ಗಾಲಿಗೆ ಎಂದು ಜೋಡಿ ಮಾಡಿದ್ದಾರೆ. ಮಳೆ ಬಂದರೆ ಮಾತು ಬೇರೆ.

ಮೂರನೆಯಸುತ್ತು
ಮಳೆ ಬಂದೇ ಬರುತ್ತದೆ. ರೇಸಿನ ಹಿಂದಿನ ರಾತ್ರಿ.

ಇಳಿಜಾರು
ಜೋಡಿಯ ಮಾತು ಸರಿ, ಹೆಸರು ಯಾವುದಾದರೂ ಆಗಲಿ. ಹಿಂದಿನ ಗಾಲಿ ಜಾರಿದರೆ ಸೈಕಲ್ಲಿನ ಬಾಲ ಅಲ್ಲಾಡುತ್ತದೆ, ಎದೆ ಒಮ್ಮೆ ಝಲ್ ಎನ್ನುತ್ತದೆ, ಮುಂದೆ ಹೋಗುತ್ತೀರಿ. ಮುಂದಿನ ಗಾಲಿ ಜಾರಿದರೆ ಯೋಚಿಸಲೂ ಸಮಯ ಸಿಗುವುದಿಲ್ಲ, ನೆಲದ ಮೇಲಿರುತ್ತೀರಿ. ಸೈಕಲ್ಲಿನ ಮೇಲೆ ಕುಳಿತಾಗ ತೂಕದ ಹೆಚ್ಚು ಪಾಲು ಬೀಳುವುದು ಹಿಂದಿನ ಗಾಲಿಯ ಮೇಲೆ. ಆದ್ದರಿಂದ ಸಲೀಸಾಗಿ ಉರುಳುವ ಟೈರ್ ಹಿಂದೆ ಇದ್ದರೆ ಲಾಭ ಹೆಚ್ಚು, ಕಚ್ಚಿ ಹಿಡಿಯುವ ಟೈರ್ ಮುಂದೆ ಇದ್ದರೆ ಮೈ ಭದ್ರ. ಎರಡೂ ಕಡೆ ಒಂದೇ ಟೈರ್ ಹಾಕುವುದು ಎರಡೂ ಕಾಲಿಗೆ ಎಡಗಾಲಿನ ಚಪ್ಪಲಿ ಮೆಟ್ಟಿದಂತೆ.

ಹಗುರಬಂಡಿ
ವಿಶ್ವಕಪ್ಪಿನಲ್ಲಿ ಎರಡೂ ಕಡೆ ಒಂದೇ ಟೈರ್ ಹಾಕುವವರೂ ಇದ್ದಾರೆ. ಮ್ಯಾಕ್ಸಿಸ್ ಆಸ್ಪೆನ್ ಎರಡೂ ಕಡೆ ಹಾಕಿದ ಸೈಕಲ್‌ಗಳನ್ನು ನಾನೇ ಎಷ್ಟೋ ಚಿತ್ರಗಳಲ್ಲಿ ನೋಡಿದ್ದೇನೆ.

ಇಳಿಜಾರು
ಅವರು ವಾರದಲ್ಲಿ ಆರು ದಿನ ಅದರ ಮೇಲೇ ಇರುತ್ತಾರೆ. ಹೊಸಹಾದಿಯವರಿಗೆ ಇದು ಮೊದಲ ರೇಸ್, ಮೊಣಕೈಗೆ ಆಗಲೇ ಪಟ್ಟಿ ಬಿದ್ದಿದೆ.

ಲೆಕ್ಕದವನು
ತೂಕದ ಜಗಳ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ಒಮ್ಮೆ ಲೆಕ್ಕ ಹಾಕಿಬಿಡೋಣ.

ಸವಾರ, ಸೈಕಲ್, ನೀರು, ಶೂ ಎಲ್ಲ ಸೇರಿ 84 ಕೆ.ಜಿ. ಎಂದಿಟ್ಟುಕೊಳ್ಳಿ. ಶೇ. 8ರ ಏರಿನಲ್ಲಿ ಸೆಕೆಂಡಿಗೆ 3 ಮೀಟರ್, ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ವೇಗ. ಗುರುತ್ವದ ವಿರುದ್ಧ ಹತ್ತಲು ಬೇಕಾದ ಶಕ್ತಿ 198 ವಾಟ್. ಎರಡೂ ಟೈರ್ ಸೇರಿ 200 ಗ್ರಾಂ ಉಳಿಸಿದರೆ ಇದರಲ್ಲಿ ಉಳಿಯುವುದು ಅರ್ಧ ವಾಟಿಗಿಂತ ಕಡಿಮೆ.

ಈಗ ಉರುಳುವಿಕೆಯ ಪ್ರತಿರೋಧ. ಚುರುಕು ಟೈರಿಗೂ ಮಂದ ಟೈರಿಗೂ ಪ್ರತಿರೋಧದ ಗುಣಾಂಕದಲ್ಲಿ (ತೂಕದ ಎಷ್ಟು ಪಾಲು ಹಿಂದಕ್ಕೆ ಎಳೆಯುತ್ತದೆ ಎಂಬ ಅಂಕಿ) 0.002 ವ್ಯತ್ಯಾಸ ಇರುವುದು ಅಪರೂಪವೇನಲ್ಲ. ಅದೇ ಏರಿನಲ್ಲಿ, ಅದೇ ವೇಗದಲ್ಲಿ ಅದು 5 ವಾಟ್ ತಿನ್ನುತ್ತದೆ. 200 ಗ್ರಾಂ ತಿನ್ನುವುದರ ಹತ್ತು ಪಟ್ಟು. ಸಮತಟ್ಟಿನಲ್ಲಿ ವೇಗ ಹೆಚ್ಚಿದಂತೆ ಇದೂ ಹೆಚ್ಚುತ್ತದೆ, ತೂಕದ ಲಾಭ ಮಾತ್ರ ಅಲ್ಲಿ ಮಾಯವಾಗುತ್ತದೆ.

ನಿಮ್ಮ ಏರು ಏಳು ನಿಮಿಷ, ಐದು ಸುತ್ತಿಗೆ 35 ನಿಮಿಷ. 200 ಗ್ರಾಮಿನಿಂದ ಅಷ್ಟೂ ಏರಿನಲ್ಲಿ ಸಿಗುವುದು 5 ಸೆಕೆಂಡ್. ಚೆನ್ನಾಗಿ ಉರುಳುವ ಟೈರಿನಿಂದ ಮುಕ್ಕಾಲು ನಿಮಿಷದ ಆಸುಪಾಸು. ಜಲ್ಲಿ ತಿರುವಿನಲ್ಲಿ ಒಮ್ಮೆ ಬಿದ್ದರೆ ಎಷ್ಟು ಹೋಗುತ್ತದೆ ಎಂಬುದು ಹೊಸಹಾದಿಯವರಿಗೇ ಗೊತ್ತು.

ಹಗುರಬಂಡಿ
ಸ್ಥಿರ ವೇಗಕ್ಕೆ ನಿಮ್ಮ ಲೆಕ್ಕ ಸರಿ. ಆದರೆ ಕ್ರಾಸ್‌ಕಂಟ್ರಿಯಲ್ಲಿ ಸ್ಥಿರ ವೇಗ ಎಲ್ಲಿದೆ? ಪ್ರತಿ ತಿರುವಿನ ನಂತರ ಎದ್ದು ತುಳಿಯಬೇಕು. ನಾನು ಹೇಳಿದ ಎರಡು ಪಟ್ಟಿನ ಮಾತು ಅಲ್ಲಿಗೆ.

ಲೆಕ್ಕದವನು
ಎರಡು ಪಟ್ಟು ಎಂದೇ ಹಿಡಿಯೋಣ, 200 ಗ್ರಾಂ 400 ಆಗಲಿ. ಸೆಕೆಂಡಿಗೆ 3 ಮೀಟರಿನಿಂದ 6 ಮೀಟರಿಗೆ ವೇಗ ಏರಿಸಲು 84 ಕೆ.ಜಿ.ಗೆ 1,134 ಜೂಲ್ ಬೇಕು. ಆ 400 ಗ್ರಾಮಿನ ಪಾಲು ಅದರಲ್ಲಿ 5.4 ಜೂಲ್. ಶೇಕಡ ಅರ್ಧ.

ಹಗುರಬಂಡಿ
ಕಾಲಿಗೆ ಗೊತ್ತಾಗುತ್ತದೆ ಸ್ವಾಮಿ. ಲೆಕ್ಕದ ಹಾಳೆಗೆ ಕಾಲಿಲ್ಲ.

ಲೆಕ್ಕದವನು
ಕಾಲಿಗೆ ಗಡಿಯಾರವಿಲ್ಲ.

ಮೂರನೆಯಸುತ್ತು
ಇದನ್ನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ರಿಪೇರಿಮೇಜು
ಗುಣಾಂಕದ ಬಗ್ಗೆ ಒಂದು ತಕರಾರು. ಆ ಅಂಕಿಗಳು ಬರುವುದು ಉಕ್ಕಿನ ಡ್ರಮ್ಮಿನ ಮೇಲೆ ಟೈರ್ ಉರುಳಿಸಿ ಅಳೆದು. ಡ್ರಮ್ಮಿನ ಮೇಲೆ ಗಾಳಿ ಹೆಚ್ಚಿಸಿದಷ್ಟೂ ಪ್ರತಿರೋಧ ಇಳಿಯುತ್ತ ಹೋಗುತ್ತದೆ. ಕಲ್ಲು ನೆಲದಲ್ಲಿ ಹಾಗಾಗುವುದಿಲ್ಲ. ಗಟ್ಟಿ ಟೈರ್ ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಹಾಕುತ್ತದೆ, ಎತ್ತಲು ಖರ್ಚಾದ ಶಕ್ತಿ ನಿಮ್ಮ ಸೊಂಟದಲ್ಲಿ, ತೋಳಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಹಾರ್ಡ್‌ಟೇಲಿನಲ್ಲಿ ಇದು ಇನ್ನೂ ಹೆಚ್ಚು. ಡ್ರಮ್ಮಿನ ಅಂಕಿಯಿಂದ ಒಂದು ಟೈರನ್ನು ಇನ್ನೊಂದಕ್ಕೆ ಹೋಲಿಸಿ, ತಪ್ಪಿಲ್ಲ. ಎಷ್ಟು ಗಾಳಿ ಹಾಕಬೇಕೆಂದು ಮಾತ್ರ ಅದರಿಂದ ಕಲಿಯಬೇಡಿ.

ಲೆಕ್ಕದವನು
ಒಪ್ಪಿದೆ. ಅದನ್ನು ನಾನೇ ಹೇಳಬೇಕಿತ್ತು.

ಹಳೆಯಗಾಲಿ
ನಾನು ಸವಾರಿ ಕಲಿತಾಗ 26 ಇಂಚಿನ ಗಾಲಿ, 1.95 ಅಗಲದ ಟೈರ್, 45 ಪಿಎಸ್‌ಐ. ಅದೇ ವೇದವಾಕ್ಯ. ಸಣಕಲು ಟೈರ್ ಬೇಗ ಓಡುತ್ತದೆ ಎಂದು ಎಲ್ಲರೂ ನಂಬಿದ್ದೆವು. 1999ರಲ್ಲಿ ಮಾವಿಕ್, ಮಿಶೆಲಿನ್, ಹಚಿನ್ಸನ್ ಸೇರಿ ಟ್ಯೂಬ್ ಇಲ್ಲದ ಟೈರ್ ತಂದಾಗ ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ 2.1 ಬಂತು, 2.25 ಬಂತು, ಈಗ ವಿಶ್ವಕಪ್ ಸವಾರರೇ 2.4 ಹಾಕುತ್ತಿದ್ದಾರೆ. ನಕ್ಕಿದ್ದಕ್ಕೆ ಪ್ರತಿ ಬಾರಿಯೂ ದಂಡ ತೆತ್ತಿದ್ದೇನೆ.

ಗಾಲಿಯ ಗಾತ್ರದ ಜಗಳವಂತೂ ಇನ್ನೂ ಜೋರಾಗಿತ್ತು. 2012ರ ಲಂಡನ್ ಒಲಿಂಪಿಕ್ಸ್ ನೆನಪಿದೆಯೇ? 29 ಇಂಚಿನ ಗಾಲಿಯ ಯಾರೊಸ್ಲಾವ್ ಕುಲ್‌ಹವಿ, 27.5 ಇಂಚಿನ ನೀನೊ ಶುರ್ಟರ್. ಕೊನೆಯ ಸುತ್ತಿನ ಕೊನೆಯ ತಿರುವಿನವರೆಗೂ ಒಬ್ಬರ ಬೆನ್ನಿಗೆ ಒಬ್ಬರು. ಕುಲ್‌ಹವಿ ಗೆದ್ದದ್ದು ಒಂದೇ ಒಂದು ಸೆಕೆಂಡಿನಿಂದ. ನಾಲ್ಕು ವರ್ಷ ಬಿಟ್ಟು ರಿಯೊದಲ್ಲಿ ಶುರ್ಟರ್ 29ರ ಮೇಲೆ ಬಂದು ಚಿನ್ನ ಗೆದ್ದರು. ಅಲ್ಲಿಗೆ ಜಗಳ ಮುಗಿಯಿತು.

ಕೆಸರುಪ್ರಿಯ
ಲಂಡನ್ನಿನಲ್ಲಿ ಮೂರನೆಯವರಾಗಿ ಬಂದ ಮಾರ್ಕೊ ಫೊಂಟಾನಾ ಅವರನ್ನು ಮರೆತಿರಾ? ಕೊನೆಯಲ್ಲಿ ಸೀಟು ಕಳಚಿ ಹೋಗಿತ್ತು. ನಿಂತುಕೊಂಡೇ ತುಳಿದು ಕಂಚು ತಂದರು. ಹಗುರಬಂಡಿಯವರು ಮೆಚ್ಚಬೇಕಾದ ಸವಾರಿ, ಸೀಟಿನ ತೂಕವೂ ಉಳಿಯಿತು.

ಹಗುರಬಂಡಿ
ನಗು ಬಂತು, ಒಪ್ಪುತ್ತೇನೆ.

ಕಲ್ಲುಮುಳ್ಳು
ಒಲಿಂಪಿಕ್ಸ್ ಮಾತು ಬಂದದ್ದರಿಂದ ಹೇಳುತ್ತೇನೆ. 2024ರ ಪ್ಯಾರಿಸ್‌ನಲ್ಲಿ ಟಾಮ್ ಪಿಡ್‌ಕಾಕ್ ಅವರ ಮುಂದಿನ ಟೈರ್ ರೇಸಿನ ನಡುವೆ ಪಂಕ್ಚರ್ ಆಯಿತು. ತಾಂತ್ರಿಕ ವಲಯಕ್ಕೆ ಬಂದು ಗಾಲಿ ಬದಲಿಸಿಕೊಂಡು, ಕಳೆದುಕೊಂಡ ಸಮಯವನ್ನೆಲ್ಲ ಬೆನ್ನಟ್ಟಿ, ಕೊನೆಯ ಸುತ್ತಿನಲ್ಲಿ ವಿಕ್ಟರ್ ಕೊರೆಟ್ಸ್ಕಿಯವರನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಅವರ ಕಾಲು ಅವರಿಗಿದೆ. ನಮ್ಮಂಥವರಿಗೆ ಪಂಕ್ಚರ್ ಎಂದರೆ ರೇಸ್ ಮುಗಿದಂತೆ. ಆದ್ದರಿಂದ ಪಕ್ಕೆ ಗಟ್ಟಿಯಿರುವ ಆವೃತ್ತಿಯನ್ನೇ ಕೊಳ್ಳಿ, 80-100 ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ. ಇಷ್ಟೇ ನನ್ನ ವಾದ.

ಹೊಸಹಾದಿ
ತಾಂತ್ರಿಕ ವಲಯ ಎಂದರೇನು? ಎಲ್ಲಿ ಬೇಕಾದರೂ ಗಾಲಿ ಬದಲಿಸುವಂತಿಲ್ಲವೇ?

ಹಳೆಯಗಾಲಿ
ಇಲ್ಲ. ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದ ರೇಸುಗಳಲ್ಲಿ ಹೊರಗಿನವರ ತಾಂತ್ರಿಕ ಸಹಾಯ ಸಿಗುವುದು ಗೊತ್ತುಪಡಿಸಿದ ವಲಯದಲ್ಲಿ ಮಾತ್ರ. ಬೇರೆಡೆ ಆದದ್ದನ್ನು ನಿಮ್ಮ ಜೇಬಿನಲ್ಲಿರುವುದರಿಂದ ನೀವೇ ಸರಿಮಾಡಿಕೊಳ್ಳಬೇಕು, ಇಲ್ಲವೇ ವಲಯದವರೆಗೆ ಓಡಬೇಕು. ನಿಮ್ಮ ರೇಸಿನ ನಿಯಮ ಪುಸ್ತಿಕೆಯನ್ನು ಒಮ್ಮೆ ಓದಿಬಿಡಿ.

ರಿಪೇರಿಮೇಜು
ಸೈಕಲ್ಲಿಗೆ ಪ್ಲಗ್ ಕಟ್ಟಿಕೊಳ್ಳಿ. ಸೀಲೆಂಟ್ ಸಣ್ಣ ತೂತು ಮುಚ್ಚುತ್ತದೆ, ದೊಡ್ಡದಕ್ಕೆ ಆ ರಬ್ಬರ್ ಬತ್ತಿಯನ್ನು ಚುಚ್ಚಿದರೆ ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಪಕ್ಕೆ ಉದ್ದಕ್ಕೆ ಸೀಳಿದರೆ ಯಾವುದೂ ಉಳಿಸುವುದಿಲ್ಲ.

ಟೈರ್ ತುಂಬಲು ಇಂಗಾಲದ ಡೈಆಕ್ಸೈಡ್ ಕ್ಯಾನಿಸ್ಟರ್ ಒಯ್ಯುವುದಾದರೆ ಒಂದು ಎಚ್ಚರ. ಕೆಲವು ಲ್ಯಾಟೆಕ್ಸ್ ಸೀಲೆಂಟ್‌ಗಳು ಆ ಅನಿಲ ತಾಗಿದರೆ ಗಡ್ಡೆ ಕಟ್ಟುತ್ತವೆ. ರೇಸ್ ಮುಗಿಸಲು ತೊಂದರೆಯಿಲ್ಲ, ಮನೆಗೆ ಹೋದ ಮೇಲೆ ಅನಿಲ ಬಿಟ್ಟು ಸಾಮಾನ್ಯ ಗಾಳಿ ತುಂಬಿ, ಸೀಲೆಂಟ್ ಎಷ್ಟು ಉಳಿದಿದೆ ನೋಡಿ. 29 ಇಂಚಿನ ಗಾಲಿಗೆ 90ರಿಂದ 120 ಮಿ.ಲೀ. ಬೇಕು. ಎರಡು ಮೂರು ತಿಂಗಳಿಗೆ ಒಣಗುತ್ತದೆ, ಬಿಸಿಲಲ್ಲಿ ಇನ್ನೂ ಬೇಗ. ನನ್ನ ಮೇಜಿಗೆ ಬರುವ ‘ಟ್ಯೂಬ್‌ಲೆಸ್ ಮೋಸ’ದ ದೂರುಗಳಲ್ಲಿ ಅರ್ಧದಷ್ಟರಲ್ಲಿ, ಟೈರ್ ಬಿಚ್ಚಿದರೆ ಒಳಗೆ ಒಣಗಿದ ಕೆನೆಯಂಥ ಹಾಳೆ ಬಿಟ್ಟು ಏನೂ ಇರುವುದಿಲ್ಲ.

ಕೆಸರುಪ್ರಿಯ
ಹಲ್ಲಿನ ವಿಷಯ ಯಾರೂ ಎತ್ತಲಿಲ್ಲ. ಗಟ್ಟಿ ನೆಲಕ್ಕೆ ಕುಳ್ಳ ಹಲ್ಲು, ಒತ್ತೊತ್ತಾಗಿರಬೇಕು. ವಿಟ್ಟೋರಿಯಾ ಮೆಜ್ಕಲ್, ಮ್ಯಾಕ್ಸಿಸ್ ಆಸ್ಪೆನ್, ಕಾಂಟಿನೆಂಟಲ್ ರೇಸ್ ಕಿಂಗ್ ಈ ಜಾತಿಯವು. ಒದ್ದೆ ಮಣ್ಣಿಗೆ ಎತ್ತರದ ಹಲ್ಲು, ನಡುವೆ ಖಾಲಿ ಜಾಗ. ಜಾಗವಿಲ್ಲದಿದ್ದರೆ ಕೆಸರು ಮೆತ್ತಿಕೊಂಡು ಟೈರ್ ಬೋಳಾಗುತ್ತದೆ. ವಿಟ್ಟೋರಿಯಾ ಬಾರ್ಜೊ, ಶ್ವಾಲ್ಬೆ ರಾಕೆಟ್ ರಾನ್ ಆ ಕಡೆಯವು.

ಒಮ್ಮೆ ವಾರವಿಡೀ ಬಿಸಿಲು ನೋಡಿ ಹಲ್ಲೇ ಕಾಣದ ಥಂಡರ್ ಬರ್ಟ್ ಟೈರ್ ಹಾಕಿಕೊಂಡು ಹೋಗಿದ್ದೆ. ಆರಂಭದ ಸಾಲಿನಲ್ಲಿ ನಿಂತಾಗ ಮಳೆ ಸುರಿಯಿತು. ಮುಂದಿನ ರೇಸಿಗೆ ಕೆಸರಿನ ಟೈರ್ ಹಾಕಿಕೊಂಡು ಹೋದರೆ ದೂಳು ಏಳುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಮೂರನೆಯಸುತ್ತು
‘ಹಲ್ಲು’ ಎನ್ನಬೇಕೋ ‘ಬಟನ್’ ಎನ್ನಬೇಕೋ? ನಾವು ಬಟನ್ ಟೈರ್ ಎಂದೇ ಕರೆಯುವುದು.

ಹಳೆಯಗಾಲಿ
ಕಚ್ಚುವುದು ಹಲ್ಲು. ಅಂಗಿಗೆ ಹಾಕುವುದು ಬಟನ್.

ಮೂರನೆಯಸುತ್ತು
ಹಾಗಾದರೆ ಹೊಸ ಟೈರಿನ ಮೇಲಿರುವ ರಬ್ಬರ್ ಕೂದಲುಗಳಿಗೆ ಮೀಸೆ ಎನ್ನೋಣವೇ? ಅವನ್ನು ಕತ್ತರಿಸಿದರೆ ವೇಗ ಹೆಚ್ಚುತ್ತದೆ ಎಂದು ಒಬ್ಬರು ಹೇಳಿದ್ದರು.

ರಿಪೇರಿಮೇಜು
ಅಚ್ಚಿನಲ್ಲಿ ಸಿಕ್ಕ ಗಾಳಿ ಹೊರಹೋಗಲು ಬಿಟ್ಟ ಸಣ್ಣ ರಂಧ್ರಗಳಿಗೆ ರಬ್ಬರ್ ಹರಿದು ಆದ ಕೂದಲುಗಳು ಅವು. ಕತ್ತರಿಸಿದರೂ ಬಿಟ್ಟರೂ ಒಂದೇ. ಮೊದಲ ಸವಾರಿಯಲ್ಲೇ ಅರ್ಧ ಉದುರುತ್ತವೆ.

ಹೊಸಹಾದಿ
ಇದೆಲ್ಲ ಓದಿ ಮುಂದೆ ರೇಸಿಂಗ್ ರೇ, ಹಿಂದೆ ಮೆಜ್ಕಲ್ ಎಂದು ಮನಸ್ಸು ಮಾಡಿದ್ದೇನೆ. ಆದರೆ ಡಬ್ಬಿಯ ಮೇಲಿನ ಬರಹ ಅರ್ಥವಾಗುತ್ತಿಲ್ಲ. ಒಂದರಲ್ಲಿ 67 ಟಿಪಿಐ, ಇನ್ನೊಂದರಲ್ಲಿ 120. ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ? ಒಂದೇ ಟೈರಿಗೆ ಕೆಂಪು ಪಟ್ಟಿ, ನೀಲಿ ಪಟ್ಟಿ ಎಂದು ಬೇರೆ ಇದೆ. ಅಗಲ 2.25 ಸಾಕೋ, 2.35 ಬೇಕೋ?

ರಿಪೇರಿಮೇಜು
ಟಿಪಿಐ ಎಂದರೆ ಟೈರಿನ ಬಟ್ಟೆಯಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಎಂಬ ಎಣಿಕೆ. ಎಳೆ ತೆಳ್ಳಗಿದ್ದಷ್ಟೂ ಹೆಚ್ಚು ಎಳೆ ಹಿಡಿಸುತ್ತವೆ, ಬಟ್ಟೆ ಮೆತ್ತಗಾಗುತ್ತದೆ, ನೆಲದ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ತೆಳ್ಳನೆಯ ಎಳೆ ಬೇಗ ಕತ್ತರಿಸಿಯೂ ಹೋಗುತ್ತದೆ. ತೊಡಕಿರುವುದು ಎಣಿಸುವ ರೀತಿಯಲ್ಲಿ. ಕೆಲವರು ಒಂದು ಪದರದ ಎಳೆ ಎಣಿಸುತ್ತಾರೆ, ಕೆಲವರು ಎರಡು ಮೂರು ಪದರ ಕೂಡಿಸಿ ದೊಡ್ಡ ಅಂಕಿ ಬರೆಯುತ್ತಾರೆ. ಎರಡು ಕಂಪನಿಗಳ ಟಿಪಿಐ ಹೋಲಿಸುವುದು ಒಬ್ಬನ ಎತ್ತರವನ್ನೂ ಇನ್ನೊಬ್ಬನ ಸಂಸಾರದ ಒಟ್ಟು ಎತ್ತರವನ್ನೂ ಹೋಲಿಸಿದಂತೆ.

ಪಟ್ಟಿಯ ಬಣ್ಣ ರಬ್ಬರಿನ ಮಿಶ್ರಣದ ಗುರುತು. ಶ್ವಾಲ್ಬೆಯ ಆಡಿಕ್ಸ್ ಸಾಲಿನಲ್ಲಿ ಕೆಂಪು ವೇಗಕ್ಕೆ, ನೀಲಿ ವೇಗ ಮತ್ತು ಹಿಡಿತದ ನಡುವೆ, ಕಿತ್ತಳೆ ಮೃದು, ನೇರಳೆ ಅತಿ ಮೃದು. ಮುಂದಿನ ಗಾಲಿಗೆ ನೀಲಿ ತೆಗೆದುಕೊಳ್ಳಿ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು.

ಗಾಳಿಮಾಪಕ
ನೀಲಿಯೇ. ಅಗಲ 2.35 ಇರಲಿ, ಹಾರ್ಡ್‌ಟೇಲಿಗೆ ಹಿಂದಿನ ಸಸ್ಪೆನ್ಷನ್ ಎಂದರೆ ಟೈರೇ. 25 ಮಿ.ಮೀ. ರಿಮ್ಮಿಗೆ ಸರಿಹೊಂದುತ್ತದೆ. ಅಗಲ ಹೆಚ್ಚಿಸಿ ಗಾಳಿ ಹಳೆಯಷ್ಟೇ ಹಾಕಿದರೆ ಟೈರ್ ಇನ್ನೂ ಗಟ್ಟಿ ಅನ್ನಿಸುತ್ತದೆ. ಅದೇ ಒತ್ತಡದಲ್ಲಿ ದಪ್ಪ ಟೈರಿನ ಬಟ್ಟೆ ಹೆಚ್ಚು ಬಿಗಿಯುತ್ತದೆ. ಆದ್ದರಿಂದ ಅಗಲದ ಜೊತೆಗೇ ಒತ್ತಡ ಇಳಿಯಬೇಕು. ಇಳಿಸದೆ ‘ಅಗಲದ ಟೈರ್ ಹಾಕಿದೆ, ಏನೂ ಉಪಯೋಗವಾಗಲಿಲ್ಲ’ ಎಂದು ಬರೆಯುವವರು ತಿಂಗಳಿಗೊಬ್ಬರು ಸಿಗುತ್ತಾರೆ.

ಚೌಕಟ್ಟಿನಲ್ಲಿ ಜಾಗ ಇದೆಯೇ ನೋಡಿ. ಟೈರಿನ ಎರಡೂ ಬದಿ 5-6 ಮಿ.ಮೀ. ಉಳಿಯಬೇಕು, ಕೆಸರು ಅಂಟಿದರೆ ಅಷ್ಟೂ ಬೇಕಾಗುತ್ತದೆ. ಟೈರಿನ ಪಕ್ಕೆಯ ಮೇಲೆ 60-622 ಎಂದಿದ್ದರೆ ಮೊದಲನೆಯದು ಮಿ.ಮೀ. ಲೆಕ್ಕದ ಅಗಲ, ಎರಡನೆಯದು ರಿಮ್ಮಿನಲ್ಲಿ ಟೈರ್ ಕೂರುವ ಜಾಗದ ವ್ಯಾಸ. 29 ಇಂಚಿಗೆ ಎಂದಿದ್ದರೂ 622 ನೋಡಿಯೇ ಕೊಳ್ಳಿ.

ಕಲ್ಲುಮುಳ್ಳು
ಎರಡು ವಾರ ಮೌನ. ಹೊಸಹಾದಿಯವರೇ, ಟೈರ್ ಬಂತೇ?

ಹೊಸಹಾದಿ
ಬಂತು, ಹಾಕಿದೆ. ಕೂರಿಸುವಾಗ ಬೆವರು ಕಿತ್ತುಬಂತು. ಸಾಬೂನು ನೀರು ಸವರಿ, ವಾಲ್ವಿನ ಒಳಗಿನ ಪಿನ್ನು ತೆಗೆದು ಒಂದೇ ಉಸಿರಿಗೆ ಗಾಳಿ ಹೊಡೆದ ಮೇಲೆ ಟಪ್ ಟಪ್ ಎಂದು ಅಂಚು ಕುಳಿತಿತು. ಆ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರು.

ಈಗ ಹೇಳಬೇಕಾದ ವಿಷಯ. ಹಳೆಯ ಟೈರನ್ನು ತೆಗೆಯುವ ಮೊದಲು ಒಂದು ಪರೀಕ್ಷೆ ಮಾಡಿದ್ದೆ. ಗಾಳಿಮಾಪಕರ ಮಾತಿನಂತೆ ಒತ್ತಡವೇ ಕಾರಣವೇ ಎಂದು ತಿಳಿಯಬೇಕಿತ್ತು. ಡಿಜಿಟಲ್ ಮಾಪಕ ಎರವಲು ತಂದೆ. ನನ್ನ ಪಂಪು 35 ತೋರಿಸಿದಾಗ ಟೈರಿನಲ್ಲಿ ಇದ್ದದ್ದು 41! ಅಂದರೆ ಎರಡು ವರ್ಷ ನಾನು ಕಲ್ಲಿನ ಗಾಲಿಯ ಮೇಲೆ ಕುಳಿತಿದ್ದೆ. ಟ್ಯೂಬ್ ಇಟ್ಟುಕೊಂಡೇ 27ಕ್ಕೆ ಇಳಿಸಿ ಅದೇ ಜಲ್ಲಿ ತಿರುವಿಗೆ ಹೋದೆ. ಅದೇ ಹಳೆಯ ಟೈರ್. ಜಾರಲಿಲ್ಲ. ಆರು ಸಲ ಹೋದೆ, ಆರೂ ಸಲ ಜಾರಲಿಲ್ಲ. ಆಗ ಹೊಸ ಟೈರುಗಳು ಡಬ್ಬಿಯಲ್ಲೇ ನನ್ನನ್ನು ನೋಡುತ್ತ ಕುಳಿತಿದ್ದವು.

ಇಳಿಜಾರು
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬೇಸರ ಬೇಡ, ನಾವೆಲ್ಲರೂ ನೆಲವನ್ನೇ ಬೈದು ಕಲಿತವರು.

ಗಾಳಿಮಾಪಕ
ಇದಕ್ಕಾಗಿ ಎರಡು ವಾರ ಕಾದಿದ್ದೆ. ಪಂಪಿನ ಮುಳ್ಳು 160 ಪಿಎಸ್‌ಐವರೆಗೆ ಓಡುವಂಥದ್ದಾದರೆ, 20ರ ಹತ್ತಿರ ಅದು ಹೇಳುವುದು ಬರಿಯ ಊಹೆ. ಕಡಿಮೆ ಒತ್ತಡ ಅಳೆಯುವ ಮಾಪಕವನ್ನೇ ಕೊಳ್ಳಿ. ಎರವಲು ಪಡೆದದ್ದು ರೇಸಿನ ದಿನ ಕೈಗೆ ಸಿಗುವುದಿಲ್ಲ.

ಹಗುರಬಂಡಿ
ಹಾಗಿದ್ದರೆ ಹೊಸ ಟೈರಿನಿಂದ ಏನು ಬದಲಾಯಿತು? ಹೇಳಿಬಿಡಿ, ನಮಗೂ ತಿಳಿಯಲಿ.

ಹೊಸಹಾದಿ
ಬದಲಾಯಿತು. ಹೊಸದನ್ನು ಹಾಕಿ ಮುಂದೆ 20, ಹಿಂದೆ 22 ಇಟ್ಟು ಐದು ದಿನ ಸುತ್ತು ಹಾಕಿದೆ. ಹಳೆಯ ಟೈರ್ 27ರಲ್ಲಿ ಒಂದು ಸುತ್ತಿಗೆ 18 ನಿಮಿಷ 20 ಸೆಕೆಂಡ್ ಆಸುಪಾಸು. ಹೊಸದರಲ್ಲಿ 17 ನಿಮಿಷ 45. ಏರಿನಲ್ಲಿ ಉಳಿತಾಯವಾದದ್ದು ಹತ್ತು ಸೆಕೆಂಡ್, ಮಿಕ್ಕದ್ದೆಲ್ಲ ಬೇರು ಬಂಡೆಯ ಇಳಿಜಾರಿನಲ್ಲಿ. ಅಲ್ಲಿ ಬ್ರೇಕ್ ಹಿಡಿಯುವುದು ಅರ್ಧಕ್ಕೆ ಇಳಿದಿದೆ. ಹಿಂದೆ 20ಕ್ಕೆ ಇಳಿಸಿದಾಗ ಒಂದು ಬಂಡೆಗೆ ರಿಮ್ಮು ‘ಠಣ್’ ಎಂದಿತು, ಮತ್ತೆ 22ಕ್ಕೆ ಏರಿಸಿದೆ.

ಲೆಕ್ಕದವನು
ಐದು ದಿನದಲ್ಲಿ ನಿಮ್ಮ ಕಾಲೂ ಬಲವಾಗಿರಬಹುದು, ದಾರಿಯೂ ಬಾಯಿಪಾಠವಾಗಿರಬಹುದು. ಹಳೆಯ ಟೈರನ್ನು ಮತ್ತೆ ಹಾಕಿ ಒಂದು ದಿನ ಓಡಿಸಿದ್ದರೆ ಹೋಲಿಕೆ ಪೂರ್ತಿಯಾಗುತ್ತಿತ್ತು.

ಹೊಸಹಾದಿ
ಆ ಟಪ್ ಟಪ್ ಕೆಲಸವನ್ನು ಇನ್ನೊಮ್ಮೆ ಮಾಡಿಸಬೇಡಿ.

ರಿಪೇರಿಮೇಜು
ಠಣ್ ಎಂದ ಜಾಗದಲ್ಲಿ ರಿಮ್ಮಿನ ಅಂಚು ಬೆರಳಿನಿಂದ ಸವರಿ ನೋಡಿ. ತಗ್ಗಾಗಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ.

ಗಾಳಿಮಾಪಕ
ರೇಸಿನ ದಿನಕ್ಕೆ ಒಂದು ಮಾತು. ಬೆಳಿಗ್ಗೆ ನೆರಳಿನಲ್ಲಿ 20 ಡಿಗ್ರಿ ಇದ್ದಾಗ 20 ಪಿಎಸ್‌ಐ ಹಾಕಿ ಸೈಕಲ್ಲನ್ನು ಬಿಸಿಲಿಗೆ ನಿಲ್ಲಿಸಿದಿರಿ ಎಂದಿಟ್ಟುಕೊಳ್ಳಿ. ಟೈರಿನೊಳಗೆ 40 ಡಿಗ್ರಿಯಾದರೆ ಒತ್ತಡ 22.4ಕ್ಕೆ ಏರುತ್ತದೆ. ಇಷ್ಟು ದಿನ ಒಂದೊಂದು ಪಿಎಸ್‌ಐಗೆ ಪರದಾಡಿ ಕೊನೆಗೆ ಸೂರ್ಯನ ಕೈಗೆ ಕೊಟ್ಟಂತಾಗುತ್ತದೆ. ಆರಂಭಕ್ಕೆ ಅರ್ಧ ಗಂಟೆ ಮೊದಲು ಮತ್ತೊಮ್ಮೆ ಅಳೆಯಿರಿ.

ಹೊಸಹಾದಿ
ಅಳೆಯುತ್ತೇನೆ. ಒಂದು ಕೊನೆಯ ಅನುಮಾನ. ಹಿಂದಿನ ಟೈರಿನ ಪಕ್ಕೆಯಲ್ಲಿ ಬಾಣದ ಗುರುತಿದೆ. ಈಗ ನೋಡಿದರೆ ಅದು ಹಿಂದಕ್ಕೆ ಮುಖ ಮಾಡಿದೆ. ಅಂದರೆ ಐದು ದಿನದ ಸುತ್ತೆಲ್ಲ ತಿರುವುಮುರುವು ಟೈರಿನ ಮೇಲೆಯೇ?

ರಿಪೇರಿಮೇಜು
ಬಾಣವನ್ನು ಗಾಲಿಯ ಮೇಲ್ಭಾಗದಲ್ಲಿ ನೋಡಿದಿರೋ, ಕೆಳಭಾಗದಲ್ಲೋ?

ಹೊಸಹಾದಿ
ಕೆಳಭಾಗದಲ್ಲಿ.

ರಿಪೇರಿಮೇಜು
ಹಾಗಿದ್ದರೆ ಸರಿಯಾಗಿಯೇ ಇದೆ. ಗಾಲಿ ಮುಂದಕ್ಕೆ ಉರುಳುವಾಗ ಮೇಲ್ಭಾಗ ಮುಂದಕ್ಕೆ ತಿರುಗುತ್ತದೆ, ಕೆಳಭಾಗ ಹಿಂದಕ್ಕೆ.

ಮೂರನೆಯಸುತ್ತು
ನಾನೂ ಎದ್ದು ಹೋಗಿ ನೋಡಿ ಬಂದೆ. ನನ್ನದು ತಿರುವುಮುರುವೇ ಇದೆ. ಹಾಕಿ ಒಂದು ವರ್ಷವಾಯಿತು.